ಸಣ್ಣ ಊರಿನ ಎಸ್‌ಟಿಪಿಯನ್ನೂ ಸ್ವಲ್ಪ ನೋಡಿ

ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟಿದೆ ಅಂತ ಮಂಡ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 124.80 ಅಡಿ ಮುಟ್ಟಿದರೆ ಊರಿಗೇ ಸಂಭ್ರಮ. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಕಾವೇರಿ ನೀರು ಜಾಸ್ತಿ ಕೊಟ್ಟಿದ್ದೂ ಎಲ್ಲರಿಗೂ ಗೊತ್ತು. ಆದರೆ ನಮ್ಮ ಊರುಗಳಿಂದ ಆ ಹೊಳೆಗೆ ವಾಪಸ್ ಏನು ಹೋಗುತ್ತಿದೆ ಅಂತ ಕೇಳುವವರು ಕಡಿಮೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಬಚ್ಚಲು, ಅಡುಗೆಮನೆ, ಕಕ್ಕಸಿನಿಂದ ಆಚೆ ಹೋಗುತ್ತದೆ. ಅದು ಹಾಗೇ ಹೊಳೆ ಸೇರಿದರೆ ಬರೀ ವಾಸನೆಯ ತೊಂದರೆ ಅಲ್ಲ. ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಎಸ್‌ಟಿಪಿ, ಅಂದರೆ ಕೊಳಚೆನೀರು ಸಂಸ್ಕರಿಸುವ ಘಟಕ, ಮಾಡುವುದು ಇಷ್ಟೇ: ಹೊಳೆಯಲ್ಲಿ ಆಗುವ ಈ ಕೆಲಸವನ್ನು ತೊಟ್ಟಿಯೊಳಗೇ ಮುಗಿಸಿ ಕಳಿಸುವುದು.

ಮೈಸೂರಿಗೆ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ ಅಂತ ದೊಡ್ಡ ಘಟಕಗಳಿವೆ. ನಾನು ಹೇಳುತ್ತಿರುವುದು ಪುರಸಭೆಗಳ ಸಣ್ಣ ಘಟಕಗಳ ಬಗ್ಗೆ. ಅಂಥದ್ದೊಂದನ್ನು ನೋಡೋಕೆ ಹೋಗಿದ್ದೆ. ಮೊದಲಿಗೆ ಕಂಬಿಯ ಜರಡಿ. ಅದಕ್ಕೆ ಸಿಕ್ಕಿಕೊಂಡಿದ್ದು ಶಾಂಪೂ ಪ್ಯಾಕೆಟ್, ಗುಟ್ಕಾ ಚೀಟಿ, ಸ್ಯಾನಿಟರಿ ಪ್ಯಾಡ್. ಮುಂದೆ ಗಾಳಿ ಊದುವ ತೊಟ್ಟಿ. ಆಪರೇಟರ್ ಅದರಿಂದ ಒಂದು ಲೀಟರ್ ನೀರು ತೆಗೆದು ಗಾಜಿನ ಜಾಡಿಗೆ ಸುರಿದರು. "ಅರ್ಧ ಗಂಟೆ ಬಿಡಿ ಸಾರ್, ನೋಡಿ" ಅಂದರು. ಮೊದಲು ಪೂರಾ ಕಂದು ಕದಡು. ಆಮೇಲೆ ಗಸಿ ಮೆಲ್ಲಗೆ ತಳಕ್ಕೆ ಇಳಿದು, ಮೇಲೆ ತಿಳಿನೀರು ನಿಂತಿತು. ಮೂಸಿದರೆ ಹೊಲಸು ವಾಸನೆ ಇಲ್ಲ, ಒದ್ದೆ ಮಣ್ಣಿನ ವಾಸನೆ. ಆ ಗಸಿಯಲ್ಲಿ ಇರುವುದು ಹೆಚ್ಚಾಗಿ ಬ್ಯಾಕ್ಟೀರಿಯಾ. "ಕೆಲಸ ಮಾಡೋದೆಲ್ಲ ಇವೇ ಸಾರ್. ಬ್ಲೋವರ್ ನಿಂತ್ರೆ ಉಳಿಯಲ್ಲ."

ಅಸಲಿ ವಿಷಯ ಇರುವುದೇ ಇಲ್ಲಿ. ಕರೆಂಟ್ ಹೋಗಿ ಗಾಳಿ ತುಂಬಾ ಹೊತ್ತು ನಿಂತರೆ ಆ ಜೀವಗಳು ಸಾಯುತ್ತವೆ. ಮತ್ತೆ ಬೆಳೆಸೋಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಬೇಕು. ಅಷ್ಟು ದಿನ ಘಟಕ ಇದ್ದೂ ಇಲ್ಲದ ಹಾಗೆ. ಹಾಗಾಗಿ ತೊಟ್ಟಿ ಕಟ್ಟಿಸಿದ ದುಡ್ಡಿನ ಲೆಕ್ಕಕ್ಕಿಂತ ಜನರೇಟರ್ ಡೀಸೆಲ್, ರಾತ್ರಿ ಪಾಳಿಯ ಆಪರೇಟರ್, ಅವರ ಸಂಬಳ ಸಮಯಕ್ಕೆ ಆಗಿದೆಯಾ ಅನ್ನೋದು ನನಗೆ ಮುಖ್ಯ. ಪುರಸಭೆ ಬಜೆಟ್ಟಿನಲ್ಲಿ ಇದಕ್ಕೆ ಪ್ರತಿವರ್ಷ ಪ್ರತ್ಯೇಕ ಹಣ ಇಡಲೇಬೇಕು.

ಇಷ್ಟು ಸಣ್ಣ ಊರಿನ ಕೊಳಚೆಯಿಂದ ಕಾವೇರಿಗೆ ಏನಾಗುತ್ತೆ ಅನ್ನಬಹುದು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಕಾಣುವುದಿಲ್ಲ, ನಿಜ. ಕಟ್ಟೆಯಿಂದ ನೀರು ಬಿಡದ ಬೇಸಿಗೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ನೋಡಿ. ಎಲ್ಲಿ ನೋಡಿದರೂ ಬಂಡೆ. ಸಂಸ್ಕರಿಸದ ಕೊಳಚೆಯಲ್ಲಿ ಬಿಒಡಿ (ಕೊಳಕನ್ನು ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ಸ್ನಾನ ಮಾಡುವ ಹೊಳೆಯಲ್ಲಿ ಅದು 3 ದಾಟಬಾರದು. ಹರಿವೇ ಇಲ್ಲದಾಗ ಸಣ್ಣ ಊರಿನ ಕೊಳಚೆಯೂ ಹೊಳೆಗೆ ಭಾರವೇ ಅಲ್ವಾ? ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಜನ ಮುಳುಗು ಹಾಕುವುದು ಇದೇ ನೀರಿನಲ್ಲಿ. ಕೆಳಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯೋಕೆ ಹೋಗುವುದೂ ಇದೇ ಕಾವೇರಿ.

ಪುರಸಭೆಗೆ ಹೋದಾಗ ಎಸ್‌ಟಿಪಿಯ ಈ ತಿಂಗಳ ನೀರಿನ ವರದಿ ತೋರಿಸಿ ಅಂತ ಕೇಳಿ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಕೆಲಸ ನಡೆಯುತ್ತದೆ. ಹಾಗೇ ನಿಮ್ಮ ತಾರಸಿಯ ಮಳೆನೀರಿನ ಪೈಪ್ ಎಲ್ಲಿಗೆ ಹೋಗಿದೆ ನೋಡಿ. ಎಷ್ಟೋ ಮನೆಗಳಲ್ಲಿ ಯುಜಿಡಿಗೇ, ಅಂದರೆ ಒಳಚರಂಡಿಗೇ ಜೋಡಿಸಿರುತ್ತಾರೆ. ಜೋರು ಮಳೆ ಬಂದರೆ ಆ ನೀರೆಲ್ಲ ಘಟಕಕ್ಕೆ ನುಗ್ಗಿ, ಸಾಕಿದ ಬ್ಯಾಕ್ಟೀರಿಯಾವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಮಳೆ ಶುರುವಾಗುವ ಮುಂಚೆ ಪ್ಲಂಬರ್ ಕರೆಸಿ ಬಿಡಿಸಿಬಿಡಿ, ದೊಡ್ಡ ಖರ್ಚಿನ ಕೆಲಸವೇನಲ್ಲ.