ಕಾನ್ಫರೆನ್ಸ್ ಗೆದ್ದರೆ ಪ್ಲೇಆಫ್ ಖಾಯಂ ಅಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಒಂದು ಮಾತು ಓಡಾಡ್ತಿದೆ: ‘ಪ್ಲೇಆಫ್ 12 ತಂಡಗಳಿಗೆ ಏರಿದ ಮೇಲೆ ಕಾನ್ಫರೆನ್ಸ್ ಗೆದ್ದವರಿಗೆಲ್ಲ ಜಾಗ ಗ್ಯಾರಂಟಿ.’ (ಕಾನ್ಫರೆನ್ಸ್ ಅಂದ್ರೆ ತಂಡಗಳು ಸೇರಿರುವ ಒಂದೊಂದು ಲೀಗ್; ಪ್ಲೇಆಫ್ ಅಂದ್ರೆ ಋತುವಿನ ಕೊನೆಗೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ನಿರ್ಧರಿಸುವ ನಾಕೌಟ್ ಟೂರ್ನಿ.) ಇದು ತಪ್ಪು.

2024 ಮತ್ತು 2025ರಲ್ಲಿ ನೇರ ಜಾಗ ಸಿಕ್ಕಿದ್ದು ಐದೇ ಚಾಂಪಿಯನ್‌ಗಳಿಗೆ, ಅದೂ ರ‍್ಯಾಂಕಿಂಗ್‌ನಲ್ಲಿ ಮುಂದಿದ್ದವರಿಗೆ. ಉಳಿದ ಏಳು ಜಾಗ ಆಯ್ಕೆ ಸಮಿತಿಯ ರ‍್ಯಾಂಕಿಂಗ್ ಪ್ರಕಾರ ತುಂಬಿದವು. 2025ರ ಡ್ಯೂಕ್ ತಂಡವನ್ನೇ ನೋಡಿ. ಫೈನಲ್‌ನಲ್ಲಿ ವರ್ಜೀನಿಯಾವನ್ನು ಸೋಲಿಸಿ ಎಸಿಸಿ ಅನ್ನೋ ದೊಡ್ಡ ಕಾನ್ಫರೆನ್ಸ್ ಗೆದ್ದಿತು. ಆದರೆ ಅಷ್ಟರಲ್ಲಿ ಐದು ಪಂದ್ಯ ಸೋತಿತ್ತು. ಹೀಗಾಗಿ ಡ್ಯೂಕ್ ಹೊರಗುಳಿಯಿತು; ಸಣ್ಣ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಾದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಒಳಗೆ ಬಂದವು.

ಹಾಗಂತ ‘ಬರೀ ರ‍್ಯಾಂಕ್ ನೋಡ್ತಾರೆ’ ಅನ್ನೋದೂ ಸರಿಯಲ್ಲ. 2024ರಲ್ಲಿ 16ನೇ ರ‍್ಯಾಂಕಿನ ಕ್ಲೆಮ್ಸನ್ ಚಾಂಪಿಯನ್ ಆಗಿದ್ದಕ್ಕೆ ಒಳಗೆ, 11ನೇ ರ‍್ಯಾಂಕಿನ ಅಲಬಾಮಾ ಹೊರಗೆ!

ಈ ಗೊಂದಲ ಹಳೇದು. ನಾಲ್ಕೇ ತಂಡಗಳಿದ್ದ 2023ರಲ್ಲಿ ಒಂದೂ ಪಂದ್ಯ ಸೋಲದ ಫ್ಲಾರಿಡಾ ಸ್ಟೇಟ್‌ಗೇ ಜಾಗ ಸಿಗಲಿಲ್ಲ. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಮುಖ್ಯ ಆಟಗಾರ) ಕಾಲು ಮುರಿದುಕೊಂಡಿದ್ದ, ಸಮಿತಿ ಅದನ್ನೂ ಲೆಕ್ಕಕ್ಕೆ ತಗೊಂಡಿತು. ನನ್ನ ಪ್ರಕಾರ ಅದು ಅನ್ಯಾಯವೇ. ಆದರೆ ಆಗಿನ ನಿಯಮದಲ್ಲಿ ಯಾವ ಚಾಂಪಿಯನ್‌ಗೂ ಖಾತ್ರಿ ಜಾಗ ಇರಲಿಲ್ಲ.