ಸತ್ಯಾಂಶ: ಶೈತ್ಯದಲ್ಲಿಟ್ಟ ಸೈನಿಕರು ಮತ್ತೆ ಏಳುತ್ತಾರೆಯೇ?

ಯುದ್ಧದಲ್ಲಿ ಮಡಿದವರನ್ನು ದ್ರವ ಸಾರಜನಕದಲ್ಲಿಟ್ಟು ವಿಜ್ಞಾನಿಗಳು ಬದುಕಿಸುತ್ತಾರೆ ಎಂಬ ಸಂದೇಶ ಆಗಾಗ ಬರುತ್ತದೆ. ಇದು ನಿಜವಲ್ಲ. ಮೈನಸ್ 196 ಡಿಗ್ರಿಯಲ್ಲಿ ದೇಹ ಕೊಳೆಯುವುದಿಲ್ಲ, ಅಷ್ಟೇ. 1967ರಿಂದ ಹೀಗಿಟ್ಟವರಲ್ಲಿ ಒಬ್ಬರೂ ಎದ್ದಿಲ್ಲ.

ರಕ್ತಸಂಚಾರ ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಮೇಲಾಗಿ, ಜೀವಕೋಶದ ನೀರು ಹೆಪ್ಪುಗಟ್ಟಿದರೆ ಅದರ ಹರಳುಗಳು ಪೊರೆಯನ್ನು ಸೀಳುತ್ತವೆ. ಫ್ರೀಜರಿನಿಂದ ತೆಗೆದ ಟೊಮೆಟೊ ಪಿಚಪಿಚ ಆಗುವುದೂ ಇದರಿಂದಲೇ. ಬಂಜೆತನ ಚಿಕಿತ್ಸೆಗೆಂದು ಹೀಗೇ ಶೈತ್ಯದಲ್ಲಿಟ್ಟ ಭ್ರೂಣ ಉಳಿಯುತ್ತದಲ್ಲ ಎಂದು ಕೇಳುವುದು ಸಹಜ. ಅದರಲ್ಲಿರುವುದು ಬೆರಳೆಣಿಕೆಯಿಂದ ನೂರಾರು ಕೋಶಗಳು. ಹರಳಾಗದಂತೆ ತಡೆಯುವ ರಕ್ಷಕ ದ್ರಾವಣ ಎಲ್ಲಕ್ಕೂ ಇಳಿಯುತ್ತದೆ, ಭ್ರೂಣ ಕ್ಷಣದಲ್ಲಿ ತಣ್ಣಗಾಗುತ್ತದೆ. ಇಡೀ ದೇಹಕ್ಕೆ ಅದು ಸಾಧ್ಯವಾಗಿಲ್ಲ.

ಸಂದೇಶದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಎಲ್ಲಿ ಬಂದಿತ್ತೆಂದು ನೋಡಿ. ಆಸ್ಪತ್ರೆ, ದಿನಾಂಕ, ವೈದ್ಯಕೀಯ ಪತ್ರಿಕೆಯ ವರದಿ ಇವೆಯೇ ಹುಡುಕಿ. ಹಿಮನೀರಿಗೆ ಬಿದ್ದು ಬದುಕಿದವರ ನಿಜ ಸುದ್ದಿಯನ್ನೂ ಇದಕ್ಕೆ ಜೋಡಿಸಿರುತ್ತಾರೆ. ಅವರ ಮೈ ತಣ್ಣಗಾಗಿತ್ತು, ಹೆಪ್ಪುಗಟ್ಟಿರಲಿಲ್ಲ.