ಮೊದಲ ಹೊರಗ್ರಹ 1995ರದ್ದಲ್ಲ

'ಸೌರಮಂಡಲದಾಚೆಯ ಮೊದಲ ಗ್ರಹ, ಅಂದರೆ ಹೊರಗ್ರಹ, ಸಿಕ್ಕಿದ್ದು 1995ರಲ್ಲಿ' ಎಂಬ ಮಾತು ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಆ ವರ್ಷ ಖಗೋಳವಿಜ್ಞಾನಿಗಳಾದ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಇಟಲಿಯ ಫ್ಲಾರೆನ್ಸ್ ಸಮ್ಮೇಳನದಲ್ಲಿ 51 ಪೆಗಾಸಿ ಬಿ ಗ್ರಹದ ಸುದ್ದಿ ಹೇಳಿದರು, ನಿಜ. ಆದರೆ ಅದು ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಮೊದಲ ಗ್ರಹ, ಅಷ್ಟೇ.

ಅದಕ್ಕೂ ಮೊದಲು, 1992ರಲ್ಲೇ, ಖಗೋಳವಿಜ್ಞಾನಿಗಳಾದ ವೋಲ್‌ಶ್ಚಾನ್ ಮತ್ತು ಫ್ರೇಲ್ ಒಂದು ಪಲ್ಸಾರ್ ಸುತ್ತ ಎರಡು ಗ್ರಹ ಕಂಡಿದ್ದರು. ಪಲ್ಸಾರ್ ಅಂದರೆ ಸತ್ತ ನಕ್ಷತ್ರದ ಗಿರಗಿರ ತಿರುಗುವ ತಿರುಳು. ಗ್ರಹಗಳ ಸೆಳೆತದಿಂದ ಅದರ ರೇಡಿಯೋ ಮಿಡಿತ ತುಸು ಬೇಗ, ತುಸು ತಡವಾಗಿ ಬಂದದ್ದೇ ಸುಳಿವು.

ಇನ್ನೊಂದು ಗೊಂದಲವೂ ಇದೆ. 1991ರಲ್ಲಿ ಆಂಡ್ರ್ಯೂ ಲೈನ್ ತಂಡ ಬೇರೊಂದು ಪಲ್ಸಾರ್ ಸುತ್ತ ಗ್ರಹ ಸಿಕ್ಕಿದೆ ಎಂದಿತ್ತು. ಅದು ಆರು ತಿಂಗಳಿಗೊಮ್ಮೆ ಸುತ್ತುತ್ತದಂತೆ. ಸರಿಯಾಗಿ ನಮ್ಮ ಅರ್ಧ ವರ್ಷ, ಅನುಮಾನ ಬರಬೇಕಲ್ವಾ? ಭೂಮಿಯ ಚಲನೆಯ ಲೆಕ್ಕವೇ ತಪ್ಪಿತ್ತು. 1992ರ ಜನವರಿಯಲ್ಲಿ ಅಟ್ಲಾಂಟಾದ ಖಗೋಳ ಸಮ್ಮೇಳನದಲ್ಲಿ ಲೈನ್ ಅದನ್ನು ನೇರವಾಗಿ ಒಪ್ಪಿಕೊಂಡರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗಂತೂ ಈ ಭಾಗವೇ ಜಾಸ್ತಿ ಇಷ್ಟ. ಅದೇ ಸಭೆಯಲ್ಲಿ ಮುಂದೆ ಮಾತಾಡಿದ್ದು ವೋಲ್‌ಶ್ಚಾನ್. ಅವರ ಗ್ರಹಗಳು ಇವತ್ತಿಗೂ ಪಟ್ಟಿಯಲ್ಲಿವೆ.